ಸ್ವಾಮಿ ರಾಮಾನಂದ ತೀರ್ಥರು: ಮುಲ್ಕಿಯೋ, ಗೈರ್‌ಮುಲ್ಕಿಯೋ?

ಸೊಲ್ಲಾಪುರದಿಂದ ಕಲಬುರ್ಗಿಗೆ ಹೋಗುವ ರೈಲುಹಾದಿ ದೀರ್ಘವಾದುದಲ್ಲ. ಆದರೆ ಸ್ವಾತಂತ್ರ್ಯಪೂರ್ವದಲ್ಲಿ ಈ ಅಲ್ಪ ದೂರದಲ್ಲಿಯೇ ಪ್ರಯಾಣಿಕನು ಮೂರು ಪ್ರಭುತ್ವಗಳನ್ನು ಕಾಣಬೇಕಾಗುತ್ತಿತ್ತು. ಸೊಲ್ಲಾಪುರವು ಮುಂಬೈ ಇಲಾಖೆಗೆ ಸೇರಿದ ಬ್ರಿಟಿಷ್ ಜಿಲ್ಲೆ. ಅದರ ಆಗ್ನೇಯಕ್ಕೆ ಸುಮಾರು 40 ಕಿಲೋಮೀಟರು ದೂರದ ಅಕ್ಕಲಕೋಟೆ ಭೋಸಲೆ ಮನೆತನದ ಪುಟ್ಟ ಸಂಸ್ಥಾನ. ಅದನ್ನು ದಾಟಿದರೆ ಹೈದರಾಬಾದಿನ ನಿಜಾಮರ ಮುಲುಕು. ಅಲ್ಲಿ ನಾಣ್ಯ ಬೇರೆ, ಅಂಚೆ ಬೇರೆ, ಕಚೇರಿಯ ಭಾಷೆ ಬೇರೆ, ಸರಕಿಗೆ ಸುಂಕ ವಸೂಲು ಮಾಡುವ ಕರೋಡಗಿರಿಯ ನಾಕೆ ಬೇರೆ. ಮೂರು ಕಡೆಯೂ ಹೊಲದಲ್ಲಿ ಬೆಳೆಯುತ್ತಿದ್ದುದು ಅದೇ ಬಿಳಿಜೋಳ, ಮಾತಾಡುತ್ತಿದ್ದುದು ಅದೇ ಕನ್ನಡ, ಅದೇ ಮರಾಠಿ, ಅದೇ ದಖನಿ. ಅಕ್ಕಲಕೋಟೆಯ ಸ್ವಾಮಿ ಸಮರ್ಥರ ದರ್ಶನ ಮುಗಿಸಿ ಗಾಣಗಾಪುರದ ದತ್ತನ ಪಾದುಕೆಗೆ ನಡೆದುಹೋಗುವ ಭಕ್ತನು ತಾನು ಒಂದು ರಾಜ್ಯವನ್ನು ಬಿಟ್ಟು ಇನ್ನೊಂದನ್ನು ಹೊಕ್ಕೆನೆಂದು ಬಗೆದದ್ದೇ ಇಲ್ಲ.

ಈ ಸೀಮೆಯಲ್ಲಿ ಹುಟ್ಟಿ ಬೆಳೆದು, ಸರಹದ್ದಿನ ಎರಡೂ ಬದಿಯಲ್ಲಿ ಓದಿ, ಕಡೆಗೆ ಆ ಸರಹದ್ದನ್ನೇ ಅಳಿಸಿಹಾಕುವ ಹೋರಾಟದ ಮುಂದಾಳಾದವರು ಸ್ವಾಮಿ ರಾಮಾನಂದ ತೀರ್ಥರು. ಹೈದರಾಬಾದ್ ವಿಮೋಚನೆಯ ನಾಯಕರೆಂದು ಅವರ ಹೆಸರು ಪಠ್ಯಪುಸ್ತಕಗಳಲ್ಲಿ ಬಂದಿದೆ. ಕಲ್ಯಾಣ ಕರ್ನಾಟಕದಲ್ಲಿಯೂ ಮರಾಠವಾಡೆಯಲ್ಲಿಯೂ ಪ್ರತಿವರ್ಷ ಸೆಪ್ಟೆಂಬರ್ 17ರಂದು ಅವರ ಭಾವಚಿತ್ರಕ್ಕೆ ಹಾರ ಬೀಳುತ್ತದೆ. ಆದರೆ ಅವರ ಬದುಕಿನ ಉದ್ದಕ್ಕೂ ಹರಿದುಬಂದ ಇನ್ನೊಂದು ಪ್ರಶ್ನೆಯನ್ನು ಗಮನಿಸಿದವರು ಕಡಿಮೆ. ಒಂದು ನಾಡಿಗೆ ಸೇರಿದವನು ಯಾರು? ಹೊರಗಿನವನು ಯಾರು? ಹೊರಗಿನವನೆಂದು ನಿರ್ಣಯವಾದವನನ್ನು ಗಡಿಯಾಚೆ ಅಟ್ಟುವ ಅಧಿಕಾರಕ್ಕೆ ಜನರ ಒಪ್ಪಿಗೆ ಯಾವಾಗ ದೊರೆಯುತ್ತದೆ, ಯಾವಾಗ ದೊರೆಯುವುದಿಲ್ಲ?

ಅವರ ಪೂರ್ವಾಶ್ರಮದ ಹೆಸರು ವೆಂಕಟೇಶ ಭವಾನರಾವ ಖೇಡಗೀಕರ. 1903ರ ಅಕ್ಟೋಬರ್ 3ರಂದು ವಿಜಾಪುರ ಜಿಲ್ಲೆಯ ಸಿಂದಗಿಯಲ್ಲಿ, ಎಂದರೆ ಬ್ರಿಟಿಷ್ ಹಿಂದುಸ್ತಾನದ ಮುಂಬೈ ಇಲಾಖೆಯಲ್ಲಿ, ಅವರ ಜನನವಾಯಿತು. ಮೊದಲ ಅಕ್ಷರಾಭ್ಯಾಸ ಗಾಣಗಾಪುರದಲ್ಲಿ. ಅದು ನಿಜಾಮರ ಸೀಮೆ. ಮುಂದಿನ ಓದು ಸೊಲ್ಲಾಪುರದಲ್ಲಿ. ಅದು ಮತ್ತೆ ಬ್ರಿಟಿಷರದು. ಗಿರಣಿಗಳ ಊರಾದ ಸೊಲ್ಲಾಪುರ ಆಗ ತಾನೇ ವಲಸಿಗರ ಊರಾಗಿ ಬೆಳೆದಿತ್ತು. ತೆಲಂಗಾಣದಿಂದ ಬಂದ ಪದ್ಮಶಾಲಿ ನೇಕಾರರು, ಸುತ್ತಣ ಬರದ ಹಳ್ಳಿಗಳಿಂದ ಬಂದ ಕನ್ನಡ-ಮರಾಠಿ ಒಕ್ಕಲು ಮಕ್ಕಳು ಒಂದೇ ಭೋಂಗಾದ ಕೂಗಿಗೆ ಎದ್ದು ಗಿರಣಿಗೆ ನಡೆಯುತ್ತಿದ್ದರು. ಅವರಲ್ಲಿ ಅನೇಕರು ನಿಜಾಮರ ಪ್ರಜೆಗಳಾಗಿದ್ದವರು. ಅವರನ್ನು ಯಾವ ನಾಕೆಯಲ್ಲಿಯೂ ಯಾರೂ ಕಾಗದ ಕೇಳಲಿಲ್ಲ. ದುಡಿಯುವ ಕೈಗಳು ಬೇಕಾದಾಗ ಕೇಳುವ ವಾಡಿಕೆ ಎಲ್ಲಿಯೂ ಇಲ್ಲ.

1920ರ ಆಗಸ್ಟ್ 1ರಂದು ಲೋಕಮಾನ್ಯ ತಿಲಕರು ತೀರಿಕೊಂಡರು. ಆ ವಾರ್ತೆ ಹದಿನಾರರ ತರುಣ ವೆಂಕಟೇಶನ ಬಾಳನ್ನು ತಿರುಗಿಸಿತು. ಆಜನ್ಮ ಬ್ರಹ್ಮಚರ್ಯ, ದೇಶಸೇವೆ ಎಂಬ ಎರಡು ವ್ರತಗಳನ್ನು ಅವರು ಅಂದು ತೊಟ್ಟರು. ಎರಡನ್ನೂ ಕಡೆಯವರೆಗೆ ಪಾಲಿಸಿದರು. ಅಸಹಕಾರದ ಕರೆಗೆ ಓಗೊಟ್ಟು ಸರಕಾರಿ ಶಿಕ್ಷಣವನ್ನು ತ್ಯಜಿಸಿ ಖಾನದೇಶದ ಅಮಳನೇರದ ರಾಷ್ಟ್ರೀಯ ಶಾಲೆಯಲ್ಲಿ, ಬಳಿಕ ಪುಣೆಯ ತಿಲಕ ಮಹಾರಾಷ್ಟ್ರ ವಿದ್ಯಾಪೀಠದಲ್ಲಿ ಓದು ಮುಗಿಸಿದರು. ಕಾರ್ಮಿಕ ನಾಯಕ ಎನ್. ಎಂ. ಜೋಶಿಯವರ ಕಾರ್ಯದರ್ಶಿಯಾಗಿ ಕೆಲಕಾಲ ದುಡಿದರು. 1929ರಲ್ಲಿ ಉಸ್ಮಾನಾಬಾದ್ ಜಿಲ್ಲೆಯ ಹಿಪ್ಪರಗಾ ಎಂಬ ಹಳ್ಳಿಯ ರಾಷ್ಟ್ರೀಯ ಶಾಲೆಗೆ ಮುಖ್ಯಾಧ್ಯಾಪಕರಾಗಿ ಬಂದರು. ಹೀಗೆ ಮೇಷ್ಟರಾಗಿಯೇ ಅವರು ನಿಜಾಮರ ಮುಲುಕನ್ನು ಮತ್ತೆ ಹೊಕ್ಕರು. 1932ರಲ್ಲಿ ಸಂನ್ಯಾಸ ಸ್ವೀಕರಿಸಿ ರಾಮಾನಂದ ತೀರ್ಥರಾದರು. ಕೆಲವು ವರ್ಷಗಳ ನಂತರ ಮೋಮಿನಾಬಾದಿಗೆ, ಎಂದರೆ ಇಂದಿನ ಅಂಬಾಜೋಗಾಯಿಗೆ, ಶಾಲೆಯ ಕೆಲಸಕ್ಕಾಗಿಯೇ ತೆರಳಿದರು.

ಸಂನ್ಯಾಸಿಗೆ ಊರಿಲ್ಲ, ಕುಲವಿಲ್ಲ, ಪೂರ್ವಾಶ್ರಮದ ನೆನಪೂ ಸಲ್ಲದು. ಧರ್ಮಶಾಸ್ತ್ರವು ಇದನ್ನು ಒಪ್ಪುತ್ತದೆ. ಆದರೆ ಸರಕಾರದ ದಫ್ತರ ಒಪ್ಪುವುದಿಲ್ಲ. ಹೈದರಾಬಾದ್ ಸಂಸ್ಥಾನದಲ್ಲಿ ಪ್ರಜೆಗಳನ್ನು ಮುಲ್ಕಿ, ಗೈರ್‌ಮುಲ್ಕಿ ಎಂದು ವಿಂಗಡಿಸುವ ಪದ್ಧತಿ ಹತ್ತೊಂಬತ್ತನೆಯ ಶತಮಾನದಿಂದಲೇ ಬೇರುಬಿಟ್ಟಿತ್ತು. ಉತ್ತರ ಹಿಂದುಸ್ತಾನದಿಂದ ಬಂದ ವಿದ್ಯಾವಂತರು ದೊಡ್ಡ ಹುದ್ದೆಗಳನ್ನೆಲ್ಲ ಆಕ್ರಮಿಸಿದರೆಂಬ ಸ್ಥಳೀಯರ ಅಸಮಾಧಾನ ಅದರ ಮೂಲ. ಆ ಅಸಮಾಧಾನದಲ್ಲಿ ಹುರುಳಿತ್ತೆಂಬುದನ್ನು ಅಲ್ಲಗಳೆಯಲಾಗದು. 1919ರಲ್ಲಿ ರೂಪುಗೊಂಡ ಮುಲ್ಕಿ ನಿಯಮಗಳಂತೆ, ಸಂಸ್ಥಾನದ ಪ್ರಜೆಯಾಗಿ ಹುಟ್ಟದವನು ಸರಕಾರಿ ನೌಕರಿಗೆ ಅರ್ಹನಾಗಬೇಕಾದರೆ ಹದಿನೈದು ವರ್ಷ ಅಲ್ಲಿ ಖಾಯಮ್ಮಾಗಿ ವಾಸವಾಗಿರಬೇಕಿತ್ತು. ತನ್ನ ಮೂಲಸ್ಥಳಕ್ಕೆ ಮರಳುವ ವಿಚಾರವನ್ನು ತೊರೆದಿದ್ದೇನೆಂದು ಪ್ರತಿಜ್ಞಾಪತ್ರವನ್ನು ಬರೆದುಕೊಡಬೇಕಿತ್ತು. ನಿಯಮ ಇದ್ದದ್ದು ನೌಕರಿಯ ಮಟ್ಟಿಗೆ. ಮಾತು ಹರಡಿದ್ದು ಬದುಕಿನ ಎಲ್ಲ ಮೂಲೆಗೂ. ಸರಕಾರಕ್ಕೆ ಹಿಡಿಸದ ವಿಚಾರವೆಲ್ಲ ಗೈರ್‌ಮುಲ್ಕಿ ವಿಚಾರವಾಯಿತು. ಹಿಡಿಸದ ಮನುಷ್ಯನೂ ಹಾಗೆಯೇ. ಅಕ್ಷರಶಃ ಲೆಕ್ಕ ಹಾಕುವ ಗುಮಾಸ್ತನಿಗೆ ಸಿಂದಗಿಯಲ್ಲಿ ಹುಟ್ಟಿ 1929ರಲ್ಲಿ ಬಂದ ಸಂನ್ಯಾಸಿಯೊಬ್ಬನು 1938ರ ಹೊತ್ತಿಗೆ ಒಂಬತ್ತೇ ವರ್ಷ ಪೂರೈಸಿದ್ದನು.

ಆ 1938ನೆಯ ವರ್ಷವೇ ಈ ಕಥೆಯ ನಡುಗಂಬ. ಬೇಸಿಗೆಯ ಕೊನೆಗೆ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ಸ್ಥಾಪನೆಯ ಸಿದ್ಧತೆಗಳು ನಡೆದವು. ಸೆಪ್ಟೆಂಬರಿನಲ್ಲಿ, ಸಂಸ್ಥೆ ವಿಧಿವತ್ತಾಗಿ ಹುಟ್ಟುವ ಮೊದಲೇ, ಸರಕಾರ ಅದನ್ನು ನಿಷೇಧಿಸಿತು. ಅದು ಮತೀಯ ಸಂಸ್ಥೆ ಎಂಬುದು ಒಂದು ಆಪಾದನೆ. ಕಾಂಗ್ರೆಸ್ ಎಂಬ ಹೆಸರೇ ಹೊರನಾಡಿನ ಸಂಸ್ಥೆಯೊಂದರ ನಂಟನ್ನು ಸೂಚಿಸುತ್ತದೆಂಬುದು ಇನ್ನೊಂದು. ಹೆಸರನ್ನು ಬದಲಿಸಿದರೆ ನೋಡೋಣವೆಂಬ ಮಾತುಕತೆಯೂ ಮುಂದೆ ನಡೆಯಿತು. ಅಕ್ಟೋಬರ್ 24ರಂದು ಸತ್ಯಾಗ್ರಹ ಆರಂಭವಾಯಿತು. ಆ ತಿಂಗಳು ಮುಗಿಯುವ ಮೊದಲೇ ತಮ್ಮ ತುಕಡಿಯೊಡನೆ ರಾಮಾನಂದ ತೀರ್ಥರು ಸೆರೆಯಾದರು. ಹದಿನೆಂಟು ತಿಂಗಳ ಸಜೆ. ಈ ತುಕಡಿಗಳಲ್ಲಿ ಇದ್ದವರು ಮುಖ್ಯವಾಗಿ ಸಂಸ್ಥಾನದ ಜನರೇ. ನೋವುಂಡವರೇ ನೋವಿನ ಪರಿಹಾರಕ್ಕೆ ನಿಲ್ಲಬೇಕು, ಹೊರಗಿನವರ ಕೈವಾಡವೆಂಬ ಆಕ್ಷೇಪಕ್ಕೆ ಎಡೆಗೊಡಬಾರದು ಎಂಬುದು ಆ ಚಳವಳಿಯ ಧೋರಣೆಯಾಗಿತ್ತು.

ಅದೇ ಹೊತ್ತಿಗೆ ಸೊಲ್ಲಾಪುರದಲ್ಲಿ ಮತ್ತೊಂದು ಸಿದ್ಧತೆ ನಡೆದಿತ್ತು. ಆರ್ಯಸಮಾಜದ ಪ್ರಚಾರಕರಿಗೆ, ಹವನ-ಮಂದಿರಗಳಿಗೆ ನಿಜಾಮ ಸರಕಾರ ಹಾಕಿದ್ದ ನಿರ್ಬಂಧಗಳನ್ನು ಪ್ರತಿಭಟಿಸಲು 1938ರ ಡಿಸೆಂಬರಿನಲ್ಲಿ ಲೋಕನಾಯಕ ಮಾಧವ ಶ್ರೀಹರಿ ಅಣೆಯವರ ಅಧ್ಯಕ್ಷತೆಯಲ್ಲಿ ಆರ್ಯ ಮಹಾಸಮ್ಮೇಳನ ಇಲ್ಲಿ ನೆರೆಯಿತು. ಊರನ್ನು ಆರಿಸಿಕೊಂಡ ಕಾರಣ ಸ್ಪಷ್ಟ. ಉತ್ತರದಿಂದ ರೈಲಿನಲ್ಲಿ ನೇರವಾಗಿ ಬಂದು ಇಳಿಯಬಹುದು. ಇಳಿದಲ್ಲಿಂದ ನಿಜಾಮರ ಸರಹದ್ದು ಕೂಗಳತೆಯ ಮಾತು. ಪಂಜಾಬಿನಿಂದ, ಸಂಯುಕ್ತ ಪ್ರಾಂತದಿಂದ ಬಂದ ಸತ್ಯಾಗ್ರಹಿಗಳು ಇಲ್ಲಿ ತಂಗಿ, ಇಲ್ಲಿಂದ ಗಡಿ ದಾಟಿ, ದಾಟಿದೊಡನೆ ಬಂಧಿತರಾಗುತ್ತಿದ್ದರು. ಮೊದಲ ಸರ್ವಾಧಿಕಾರಿಯಾದ ವೃದ್ಧ ಮಹಾತ್ಮಾ ನಾರಾಯಣ ಸ್ವಾಮಿಗಳು 1939ರ ಜನವರಿಯ ಕೊನೆಗೆ ಹೈದರಾಬಾದನ್ನು ಹೊಕ್ಕಾಗ ಸರಕಾರ ಅವರನ್ನು ಹಿಡಿದು ಮರಳಿ ಸೊಲ್ಲಾಪುರಕ್ಕೆ ಕಳುಹಿಸಿತು. ಅವರು ಕೆಲವೇ ದಿನಗಳಲ್ಲಿ ಕಲಬುರ್ಗಿಯ ಹಾದಿಯಿಂದ ಮತ್ತೆ ಒಳಹೊಕ್ಕು ಸೆರೆಮನೆ ಸೇರಿದರು. ಅಪ್ಪಣೆಯಿಲ್ಲದೆ ಬಂದವರನ್ನು ಗಡಿಪಾರು ಮಾಡುವುದು, ಅವರು ಮರಳಿ ಬರುವುದು, ಹಿಡಿದು ಒಳಗಿಡುವುದು: ಇಂದು ಜಗತ್ತಿನ ಅನೇಕ ಗಡಿಗಳಲ್ಲಿ ನಡೆಯುವ ಈ ಚಕ್ರ ಅಂದು ಕಲಬುರ್ಗಿಯ ರೈಲುಹಾದಿಯಲ್ಲಿ ನಡೆಯಿತು.

ನಿಜಾಮ ಸರಕಾರದ ವಾದವನ್ನು ಕ್ಷಣಕಾಲ ಪ್ರಾಮಾಣಿಕವಾಗಿ ಕೇಳಿನೋಡಬೇಕು. ತನ್ನ ಪ್ರಜೆಗಳಲ್ಲದವರು ತನ್ನ ಅನುಮತಿಯಿಲ್ಲದೆ ಒಳಬಂದು ತನ್ನ ಕಾನೂನನ್ನು ಮುರಿಯುತ್ತಿದ್ದಾರೆ. ಅವರನ್ನು ಹೊರಗೆ ಕಳುಹಿಸುವುದು ಯಾವುದೇ ಸರಕಾರದ ಹಕ್ಕು ಎಂಬುದು ಆ ವಾದದ ಸಾರ. ಶಬ್ದಶಃ ನೋಡಿದರೆ ಇದರಲ್ಲಿ ತಪ್ಪು ಹುಡುಕುವುದು ಸುಲಭವಲ್ಲ. ಆದರೂ ಸೊಲ್ಲಾಪುರದ ಸಾಮಾನ್ಯ ಜನಕ್ಕೆ ಅದು ರುಚಿಸುವಂತಿರಲಿಲ್ಲ. 1930ರ ಮೇ ತಿಂಗಳಲ್ಲಿ ಮಾರ್ಷಲ್ ಲಾ ಕಂಡ ಊರು ಇದು. 1931ರ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಎಂಬ ನಾಲ್ವರನ್ನು ಪುಣೆಯ ಯೆರವಡೆಯಲ್ಲಿ ನೇಣಿಗೆ ಕೊಟ್ಟ ಊರು. ಕಾನೂನು ಹೇಳಿತೆಂಬ ಮಾತ್ರಕ್ಕೆ ತಲೆಬಾಗುವ ಮನಃಸ್ಥಿತಿ ಅದಕ್ಕಿರಲಿಲ್ಲ. ಅಂತೆಯೇ, ಹೋಗುವವನು ಪರಿಚಿತನೋ ಅಪರಿಚಿತನೋ ಎಂಬುದಕ್ಕಿಂತ ಯಾವ ಪ್ರಭುತ್ವದ ವಿರುದ್ಧ ಹೋಗುತ್ತಾನೆಂಬುದೇ ಜನರ ತೀರ್ಮಾನವನ್ನು ರೂಪಿಸಿತು.

ಆದರೆ ಸ್ಟೇಟ್ ಕಾಂಗ್ರೆಸ್ಸಿನ ಪಾಲಿಗೆ ಈ ನೆರವು ಇಕ್ಕಟ್ಟಾಗಿ ಪರಿಣಮಿಸಿತು. ಹೊರಗಿನಿಂದ ಬಂದ ಧಾರ್ಮಿಕ ಸತ್ಯಾಗ್ರಹ, ಒಳಗಿನ ರಾಜಕೀಯ ಸತ್ಯಾಗ್ರಹ ಎರಡನ್ನೂ ಸರಕಾರ ಒಂದೇ ಗಂಟಿಗೆ ಕಟ್ಟಿತು. ಗಾಂಧೀಜಿಯವರ ಸಲಹೆಯಂತೆ ಡಿಸೆಂಬರ್ 24ರಂದು ಸ್ಟೇಟ್ ಕಾಂಗ್ರೆಸ್ ತನ್ನ ಹೋರಾಟವನ್ನು ತಡೆಹಿಡಿಯಿತು. ಸೆರೆಮನೆಯಲ್ಲಿದ್ದ ಸ್ವಾಮೀಜಿಗೆ ಇದು ಸುಲಭದ ತುತ್ತಾಗಿರಲಾರದು. ಆರ್ಯಸಮಾಜದ ಸತ್ಯಾಗ್ರಹ ಮಾತ್ರ 1939ರ ಆಗಸ್ಟ್‌ವರೆಗೆ ನಡೆದು, ಸಾವಿರಾರು ಜನ ಜೈಲು ಕಂಡ ಮೇಲೆ ನಿಂತಿತು. ಇದೇ ಕಾಲದಲ್ಲಿ ವಂದೇ ಮಾತರಂ ಹಾಡಿದ್ದಕ್ಕಾಗಿ ಉಸ್ಮಾನಿಯಾ ವಿಶ್ವವಿದ್ಯಾಲಯದಿಂದ ಹೊರದೂಡಲ್ಪಟ್ಟ ವಿದ್ಯಾರ್ಥಿಗಳಿಗೆ ನಾಗಪುರ ವಿಶ್ವವಿದ್ಯಾಲಯ ಬಾಗಿಲು ತೆರೆಯಿತು; ಮುಂದೆ ಪ್ರಧಾನಿಯಾದ ಪಿ. ವಿ. ನರಸಿಂಹರಾವ್ ಅವರಲ್ಲೊಬ್ಬರು.

ಮುಂದಿನ ವರ್ಷಗಳನ್ನು ಸಂಕ್ಷೇಪವಾಗಿ ಹೇಳಬಹುದು. 1940ರಲ್ಲಿ ವೈಯಕ್ತಿಕ ಸತ್ಯಾಗ್ರಹ, ಮತ್ತೆ ಸೆರೆ. 1942ರ ಆಗಸ್ಟಿನಲ್ಲಿ ಮುಂಬೈಯ ಅಧಿವೇಶನದಿಂದ ಮರಳಿದೊಡನೆ ಇನ್ನೊಮ್ಮೆ ಸೆರೆ. 1946ರ ಜುಲೈಯಲ್ಲಿ ನಿಷೇಧ ತೆರವಾಯಿತು. ಅದೇ ವರ್ಷ ಬೂರ್ಗುಲ ರಾಮಕೃಷ್ಣರಾಯರ ಎದುರು ಅತ್ಯಲ್ಪ ಮತಗಳ ಅಂತರದಿಂದ ಗೆದ್ದು ಸ್ವಾಮೀಜಿ ಸ್ಟೇಟ್ ಕಾಂಗ್ರೆಸ್ಸಿನ ಅಧ್ಯಕ್ಷರಾದರು. ಭಾರತ ಸ್ವತಂತ್ರವಾದ ದಿನವೇ, 1947ರ ಆಗಸ್ಟ್ 15ರಂದು, ಅವರನ್ನು ಹೈದರಾಬಾದಿನಲ್ಲಿ ಬಂಧಿಸಲಾಯಿತು. ಯಥಾಸ್ಥಿತಿ ಒಪ್ಪಂದದ ಹಿಂದೆಯೇ ನವೆಂಬರಿನ ಕೊನೆಗೆ ಬಿಟ್ಟರು. 1948ರ ಜನವರಿಯಲ್ಲಿ ಪುನಃ ಹಿಡಿದರು.

ಅವರು ಗೋಡೆಗಳ ಒಳಗಿದ್ದ ಆ ತಿಂಗಳುಗಳಲ್ಲಿ ಸರಹದ್ದು ಎರಡೂ ದಿಕ್ಕಿಗೆ ಉಕ್ಕಿ ಹರಿಯಿತು. ರಜಾಕಾರರ ಹಾವಳಿಗೆ ಹೆದರಿದ ಹಿಂದೂ ಕುಟುಂಬಗಳು ಉಸ್ಮಾನಾಬಾದ್, ಬೀದರ್, ಕಲಬುರ್ಗಿ ಜಿಲ್ಲೆಗಳಿಂದ ಮಕ್ಕಳು-ಮರಿ, ಎತ್ತು-ಎಮ್ಮೆಗಳೊಡನೆ ಭಾರತದ ಜಿಲ್ಲೆಗಳತ್ತ ಗುಳೆ ಬಂದವು. ಸೊಲ್ಲಾಪುರ ಸೀಮೆ ಅವರಿಗೆ ಹತ್ತಿರದ ಆಸರೆ. ಸ್ಟೇಟ್ ಕಾಂಗ್ರೆಸ್ಸಿನ ಕ್ರಿಯಾಸಮಿತಿ ದಿಗಂಬರರಾವ ಬಿಂದು ಅವರ ನೇತೃತ್ವದಲ್ಲಿ ಹೊರಗಿನಿಂದಲೇ ಕೆಲಸ ನಡೆಸಿತು; ಸೊಲ್ಲಾಪುರದಲ್ಲಿ ಕಚೇರಿ, ಗಡಿಯುದ್ದಕ್ಕೂ ಶಿಬಿರಗಳು. 1948ರ ಮಾರ್ಚ್‌ನಲ್ಲಿ ಅಕ್ಕಲಕೋಟೆ ಸಂಸ್ಥಾನ ಮುಂಬೈ ಪ್ರಾಂತದಲ್ಲಿ ವಿಲೀನವಾದ್ದರಿಂದ ನಡುವಿನ ಭೋಸಲೆ ಸೀಮೆ ಹೋಗಿ ಭಾರತವೂ ನಿಜಾಮರೂ ಮುಖಾಮುಖಿಯಾದರು. ಇದಕ್ಕೆ ವಿರುದ್ಧ ದಿಕ್ಕಿನಲ್ಲಿ, ದೇಶವಿಭಜನೆಯ ಹಿಂಸೆಗೆ ಬೆದರಿದ ಇತರ ಪ್ರಾಂತಗಳ ಮುಸಲ್ಮಾನರು ಹೈದರಾಬಾದನ್ನು ಸುರಕ್ಷಿತ ತಾಣವೆಂದು ನಂಬಿ ಒಳಗೆ ಬಂದರು. ಜನಸಂಖ್ಯೆಯ ಪ್ರಮಾಣವನ್ನು ಬದಲಿಸಲು ಸಂಸ್ಥಾನವೇ ಅವರನ್ನು ಕರೆಸಿಕೊಳ್ಳುತ್ತಿದೆಯೆಂಬ ಆರೋಪ ಭಾರತದಲ್ಲಿ ಬಲವಾಗಿ ಕೇಳಿಬಂತು. ಒಂದೇ ಭಯ, ಒಂದೇ ತರಹದ ಗಂಟುಮೂಟೆ. ಆದರೂ ಒಬ್ಬರು ನಿರಾಶ್ರಿತರೆನಿಸಿದರು, ಮತ್ತೊಬ್ಬರು ನುಸುಳಿಬಂದವರೆನಿಸಿದರು. ಯಾರನ್ನು ಏನೆಂದು ಕರೆಯಬೇಕೆಂಬುದು ನೋಡುವವನು ಗಡಿಯ ಯಾವ ಬದಿಯಲ್ಲಿ ನಿಂತಿದ್ದನೆಂಬುದರ ಮೇಲಿತ್ತು.

1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯದ ಮುಖ್ಯ ದಳ ಸೊಲ್ಲಾಪುರದಿಂದಲೇ ಹೊರಟು ನಳದುರ್ಗದ ಹಾದಿ ಹಿಡಿಯಿತು. 17ರಂದು ನಿಜಾಮರು ಶರಣಾದರು. ಸ್ವಾಮೀಜಿ ಬಿಡುಗಡೆಯಾಗಿ ಹೊರಬಂದರು. ಆ ಸಂಭ್ರಮದ ಮಗ್ಗುಲಿಗೇ ಘೋರವೂ ಇತ್ತು. ಉಸ್ಮಾನಾಬಾದ್, ಕಲಬುರ್ಗಿ, ಬೀದರ್, ನಾಂದೇಡ ಜಿಲ್ಲೆಗಳ ಮುಸಲ್ಮಾನರ ಮೇಲೆ ನಡೆದ ಪ್ರತೀಕಾರದ ಹತ್ಯೆಗಳನ್ನು ಪಂಡಿತ ಸುಂದರಲಾಲರ ಸಮಿತಿ ದಾಖಲಿಸಿ, ಸತ್ತವರ ಸಂಖ್ಯೆ 27,000ದಿಂದ 40,000 ಇರಬಹುದೆಂದು ಅಂದಾಜಿಸಿತು. ವಿಮೋಚನೆಯ ಉತ್ಸವಗಳಲ್ಲಿ ಈ ಪುಟವನ್ನು ಮಗುಚಿಹಾಕುವ ರೂಢಿ ಒಳ್ಳೆಯದಲ್ಲ.

ಗಡಿಪಾರಿನ ಪ್ರಶ್ನೆ ಈಗ ಗೆದ್ದವರ ಮನೆಯ ಬಾಗಿಲಿಗೆ ಬಂತು. ನಿಜಾಮರ ಪಡೆಗಳಲ್ಲಿ, ಜಮೀನ್ದಾರರ ದೇವಡಿಗಳಲ್ಲಿ ಕಾವಲಿಗಿದ್ದ ಅರಬರು ಹದ್ರಮೌತಿನಿಂದ ತಲೆಮಾರುಗಳ ಹಿಂದೆ ಬಂದವರು. ಬಡ್ಡಿವ್ಯವಹಾರ ಮಾಡುತ್ತಿದ್ದ ಪಠಾಣರ ಮೂಲ ಅಫಘಾನಿಸ್ತಾನ. ಹೊಸ ಸೈನಿಕ ಆಡಳಿತ ಇವರನ್ನು ಪರದೇಶಿಗಳೆಂದು ಗುರುತಿಸಿ ಹಲವರನ್ನು ಬಂಧನದಲ್ಲಿಟ್ಟಿತು, ಅವರವರ ನಾಡಿಗೆ ಕಳುಹಿಸುವ ಕ್ರಮ ಕೈಗೊಂಡಿತು. ಇತರ ಪ್ರಾಂತಗಳಿಂದ ಬಂದಿದ್ದ ಮುಸಲ್ಮಾನ ವಲಸಿಗರನ್ನು ಮರಳಿ ಕಳುಹಿಸುವ ಏರ್ಪಾಟೂ ನಡೆಯಿತು. ಅರಬರಲ್ಲಿ ಅನೇಕರು ಹೈದರಾಬಾದಿನಲ್ಲಿಯೇ ಹುಟ್ಟಿದವರು, ಇಲ್ಲಿಯ ಹೆಂಗಸರನ್ನು ಮದುವೆಯಾದವರು. ಹದ್ರಮೌತನ್ನು ಕಣ್ಣಿನಿಂದ ಕಾಣದವನನ್ನು ಅಲ್ಲಿಗೆ ಮರಳಿಸುವುದು ಎಂಬ ಮಾತಿಗೆ ಅರ್ಥವೇನು? 1939ರಲ್ಲಿ ನಾರಾಯಣ ಸ್ವಾಮಿಗಳ ಗಡಿಪಾರನ್ನು ಅನ್ಯಾಯವೆಂದು ಕಂಡ ಕಣ್ಣಿಗೆ 1949ರಲ್ಲಿ ಗಡಿಪಾರೆಂಬುದು ಸಹಜ ಆಡಳಿತಕ್ರಮವಾಗಿ ಕಾಣಲು ತಡವಾಗಲಿಲ್ಲ. ಎರಡು ಪ್ರಸಂಗಗಳು ಒಂದೇ ಅಲ್ಲ ಎಂಬ ವಾದಕ್ಕೆ ಬಲವಿದೆ. ಒಂದು ಕಡೆ ಕೈ ಜೋಡಿಸಿ ಬಂದ ಸತ್ಯಾಗ್ರಹಿ, ಇನ್ನೊಂದು ಕಡೆ ಹತ್ಯಾರ ಹಿಡಿದು ದುಡಿದ ಪಡೆಯವನು. ಆದರೆ ಹತ್ಯಾರ ಹಿಡಿಯದ ಅರಬನನ್ನೂ, ಅವನ ಹೆಂಡಿರು ಮಕ್ಕಳನ್ನೂ ಆ ವಾದ ಒಳಗೊಳ್ಳುವುದಿಲ್ಲ. ಹೈದರಾಬಾದಿನ ಬಾರ್ಕಸ್ ಬಡಾವಣೆಯಲ್ಲಿ ಅವರ ಸಂತತಿ ಇಂದಿಗೂ ಬಾಳುತ್ತಿದೆಯೆಂದರೆ, ಎಲ್ಲರನ್ನೂ ಕಳುಹಿಸಲು ಆಗಲಿಲ್ಲವೆಂದೇ ತಿಳಿಯಬೇಕು.

1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ ಐದನೆಯ ವಿಧಿ ಮುಲ್ಕಿ ನಿಯಮಕ್ಕಿಂತ ಉದಾರವಾದ ಅಳತೆಗೋಲನ್ನು ಕೊಟ್ಟಿತು. ಭಾರತದಲ್ಲಿ ನೆಲೆ ಹೂಡಿದವನು ಇಲ್ಲಿ ಹುಟ್ಟಿದ್ದರೆ, ಅಥವಾ ಅವನ ತಾಯಿತಂದೆಯರಲ್ಲಿ ಒಬ್ಬರು ಇಲ್ಲಿ ಹುಟ್ಟಿದ್ದರೆ, ಅಥವಾ ಅವನು ಐದು ವರ್ಷ ವಾಸವಾಗಿದ್ದರೆ ನಾಗರಿಕನು. ಹದಿನೈದು ಐದಾಯಿತು, ಮೂಲಸ್ಥಳವನ್ನು ಮರೆಯುವ ಪ್ರತಿಜ್ಞೆ ಬಿಟ್ಟುಹೋಯಿತು.

ಆದರೆ ಮುಲ್ಕಿ ಎಂಬ ಶಬ್ದ ಸಾಯಲಿಲ್ಲ. ವಿಮೋಚನೆಯ ನಂತರ ಮದ್ರಾಸು, ಮುಂಬೈ ಪ್ರಾಂತಗಳಿಂದ ಅಧಿಕಾರಿಗಳೂ ಶಿಕ್ಷಕರೂ ಹೈದರಾಬಾದಿಗೆ ಬಂದರು. ಉರ್ದು ಕಚೇರಿಯ ಸ್ಥಾನದಲ್ಲಿ ಇಂಗ್ಲಿಷ್ ಕಚೇರಿ ನಿಂತಿತು. 1952ರ ಸೆಪ್ಟೆಂಬರಿನಲ್ಲಿ ಗೈರ್‌ಮುಲ್ಕಿಗಳು ತೊಲಗಬೇಕೆಂದು ವಿದ್ಯಾರ್ಥಿಗಳು ಬೀದಿಗಿಳಿದರು. ಪೊಲೀಸರ ಗುಂಡಿಗೆ ಜೀವಗಳು ಹೋದವು. ಬಿಡುಗಡೆ ತಂದವರೆಂದು ನಾಲ್ಕು ವರ್ಷದ ಹಿಂದೆ ಸ್ವಾಗತ ಪಡೆದವರು ಈಗ ಹೊರಗಿನವರಾಗಿದ್ದರು.

ಆ ಹೊತ್ತಿಗೆ ಸ್ವಾಮೀಜಿ ಸಂಸತ್ತಿನ ಸದಸ್ಯರು. 1952ರ ಮೊದಲ ಚುನಾವಣೆಯಲ್ಲಿ ಕಲಬುರ್ಗಿಯ ಕನ್ನಡ ಮತದಾರರು ಅವರನ್ನು ಲೋಕಸಭೆಗೆ ಕಳುಹಿಸಿದ್ದರು. 1957ರಲ್ಲಿ ಔರಂಗಾಬಾದಿನ ಮರಾಠಿ ಮತದಾರರು ಆರಿಸಿದರು. ಅವರು ಹುಟ್ಟಿದ್ದು ಎಲ್ಲಿ, ಎಷ್ಟು ವರ್ಷ ಎಲ್ಲಿ ವಾಸವಾಗಿದ್ದರು ಎಂಬ ಲೆಕ್ಕ ಎರಡೂ ಕಡೆ ತೊಡಕಾಗಲಿಲ್ಲ. ಮಂತ್ರಿಪದವಿಯ ಹಾದಿಯಲ್ಲಿ ಅವರು ಹೋಗಲಿಲ್ಲ. ಸ್ಟೇಟ್ ಕಾಂಗ್ರೆಸ್ಸಿನ ಒಳಜಗಳಗಳಲ್ಲಿ ಅವರ ಗುಂಪು ಹಿನ್ನಡೆಯನ್ನೇ ಹೆಚ್ಚು ಕಂಡಿತು. ಹೋರಾಟದಲ್ಲಿ ಇದ್ದ ಬಿಗಿ ರಾಜಕಾರಣದಲ್ಲಿ ಅವರಿಗೆ ಒದಗಲಿಲ್ಲವೆಂದೇ ಹೇಳಬೇಕು. ಒಂದು ವಿಷಯದಲ್ಲಿ ಮಾತ್ರ ಅವರು ಸಡಿಲಗೊಳ್ಳಲಿಲ್ಲ. ನಿಜಾಮರನ್ನು ಕೆಳಗಿಳಿಸಿದರೆ ಸಾಲದು, ಸಂಸ್ಥಾನವನ್ನು ಭಾಷಾನುಗುಣವಾಗಿ ಮೂರು ಭಾಗ ಮಾಡಿ ನೆರೆಯ ಪ್ರಾಂತಗಳಿಗೆ ಸೇರಿಸಬೇಕೆಂಬುದು ಅವರ ನಿಲುವು. 1956ರ ನವೆಂಬರ್ 1ರಂದು ಅದು ನೆರವೇರಿತು. ಕಲಬುರ್ಗಿ, ರಾಯಚೂರು, ಬೀದರ್‌ಗಳು ಮೈಸೂರು ರಾಜ್ಯಕ್ಕೆ, ಮರಾಠವಾಡೆ ಮುಂಬೈಗೆ, ತೆಲಂಗಾಣ ಆಂಧ್ರಕ್ಕೆ ಸೇರಿದವು. ಯಾವ ನಾಡಿನ ಮುಲ್ಕಿ ಅವರಲ್ಲವೆಂದು ಹೇಳಲಾಗುತ್ತಿತ್ತೋ ಆ ನಾಡೇ ನಕಾಶೆಯಿಂದ ಮರೆಯಾಯಿತು. ರಜಾಕಾರರ ಮುಖಂಡ ಕಾಸಿಂ ರಜ್ವಿ ಮರುವರ್ಷ ಸೆರೆಮನೆಯಿಂದ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ತೆರಳಿದನು.

ಹೊಸ ನಕಾಶೆ ಹೊಸ ಗಡಿಗಳನ್ನು ಬರೆಯಿತು. ಸ್ವಾಮೀಜಿ ಓದಿದ ಸೊಲ್ಲಾಪುರ, ಕನ್ನಡಿಗರು ತುಂಬಿದ ಅಕ್ಕಲಕೋಟೆ ತಾಲೂಕು ಒಂದು ಬದಿಗೆ. ಅವರು ಅಕ್ಷರ ಕಲಿತ ಗಾಣಗಾಪುರ, ಹುಟ್ಟಿದ ಸಿಂದಗಿ ಇನ್ನೊಂದು ಬದಿಗೆ. 1967ರಲ್ಲಿ ಮಹಾಜನ ಆಯೋಗ ಅಕ್ಕಲಕೋಟೆಯನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಶಿಫಾರಸು ಮಾಡಿತು. ಅದು ಕಾರ್ಯರೂಪಕ್ಕೆ ಬರಲಿಲ್ಲ. ಅದೇ ವರ್ಷ ಸ್ವಾಮೀಜಿಯವರ ಹೈದರಾಬಾದ್ ಹೋರಾಟದ ನೆನಪುಗಳ ಇಂಗ್ಲಿಷ್ ಗ್ರಂಥ ಪ್ರಕಟವಾಯಿತು. ಆ ವೇಳೆಗೆ ಅವರು ಸಕ್ರಿಯ ರಾಜಕಾರಣದಿಂದ ದೂರ ಸರಿದಿದ್ದರು. ಭೂದಾನ, ಖಾದಿ, ಶಿಕ್ಷಣಸಂಸ್ಥೆಗಳ ಕೆಲಸ ಅವರಿಗೆ ಹೆಚ್ಚು ಒಗ್ಗಿತ್ತು.

1972ರ ಜನವರಿ 22ರಂದು ಹೈದರಾಬಾದಿನಲ್ಲಿ ಅವರು ದೇಹ ಬಿಟ್ಟರು. ಬೇಗಂಪೇಟೆಯಲ್ಲಿ ಅವರ ಸಮಾಧಿಯಿದೆ. ನಾಂದೇಡದಲ್ಲಿ 1994ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾಲಯ ಅವರ ಹೆಸರನ್ನು ಹೊತ್ತಿದೆ. ಸಿಂದಗಿಯಲ್ಲಿ ಹುಟ್ಟಿ ಮರಾಠವಾಡೆಯಲ್ಲಿ ಮೇಷ್ಟರಾಗಿದ್ದವರು ಹೀಗೆ ತೆಲುಗು ನೆಲದಲ್ಲಿ ಮಣ್ಣಾದರು.